ಆಳಿಗೊಂದು ಮಟ್ಟು

ಆದವಾನಿಯ ನಮ್ಮ ಸೋದರಮಾವನ ಮನೆಗೆ ನೀವು ಹೇಳದೆ ಕೇಳದೆ ಹೋಗಬಹುದಿತ್ತು, ಬಾಗಿಲು ತಟ್ಟದೆ ಹೋಗಬಹುದಿತ್ತು, ಸರಿಯಾಗಿ ಊಟದ ಹೊತ್ತಿಗೇ ಹೋಗಬಹುದಿತ್ತು. ಮಟ್ಟಿಲ್ಲದೆ ಮಾತ್ರ ಹೋಗುವ ಹಾಗಿರಲಿಲ್ಲ! ನೀವು ಗೇಟಿನ ಚಿಲಕಕ್ಕೆ ಕೈ ಹಾಕಿದ್ದೇ ತಡ, ಪಡಸಾಲೆಯಲ್ಲಿ ಕೂತ ಮಾಮ ಹಾರ್ಮೋನಿಯಂ ಮೇಲೆ ನಿಮ್ಮ ಮಟ್ಟು ಶುರು ಮಾಡುತ್ತಿದ್ದ. ಪೇಟಿ ಎದುರಿಗಿಲ್ಲದಿದ್ದರೆ ಮೂಗಿನಲ್ಲಿ. ಬಾಯಲ್ಲಿ ಎಲೆಯಡಿಕೆ ಇದ್ದು ಮೂಗೂ ಕಟ್ಟಿದ್ದರೆ ಬೆರಳಿನಿಂದ ಕಂಬದ ಮೇಲೆ. ನೀವು ಒಳಗೆ ಬಂದು, ಕೂತು, ಬೆವರು ಒರೆಸಿಕೊಳ್ಳುವವರೆಗೂ ಅದು ನಡೆಯುತ್ತಿತ್ತು. ನಾಟಕದಲ್ಲಿ ದೇವೇಂದ್ರ ಬಂದರೂ ಇಷ್ಟು ಮರ್ಯಾದೆ ಸಿಗುವುದಿಲ್ಲ ಬಿಡಿ.

ನಾಟಕದ ಕಡೆ ಓಡಾಡದವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಮಟ್ಟು ಅಂದರೆ ಹಾಡಿನ ಧಾಟಿ, ಮಾತು ಕಿತ್ತಿಟ್ಟದ್ದು. ಮಾಮ ಇಂಥದ್ದನ್ನು ಒಬ್ಬೊಬ್ಬರಿಗೆ ಒಂದೊಂದರಂತೆ ಕಟ್ಟಿ ಇಟ್ಟಿದ್ದ. ಹಾಲಿನಾಕೆಗೆ ಕುಣಿಯುವಂಥದ್ದು. ಪೋಸ್ಟ್‌ಮ್ಯಾನನಿಗೆ ಸೈಕಲ್ ಚೈನು ಕಳಚಿದಂತೆ ನಡುನಡುವೆ ತಡೆಯುವಂಥದ್ದು. ನಮ್ಮ ಅಪ್ಪನಿಗೆ, ಅಂದರೆ ಅವನ ಭಾವನಿಗೆ, ದೇವಸ್ಥಾನದ ಆನೆ ನಡೆದ ಹಾಗಿನದು.

"ಇದು ನನ್ನ ಹೊಟ್ಟಿ ನೋಡಿ ಕಟ್ಟಿದ್ದು!" ಅಂತ ಅಪ್ಪನಿಗೆ ಸಿಟ್ಟು.

"ಹೊಟ್ಟಿ ನೋಡಿ ಅಲ್ಲ ಭಾವ, ನಿಮ್ಮ ಹೆಜ್ಜಿ ಕೇಳಿ ಕಟ್ಟಿದ್ದು," ಅಂತ ಮಾಮ ಸಮಾಧಾನ ಮಾಡುತ್ತಿದ್ದ. ಇದು ಯಾವ ಸೀಮೆಯ ಸಮಾಧಾನ?

ನನ್ನ ಮಟ್ಟಿನ ವಿಷಯ ಬೇಡ. ನಾನಾಗ ಆಲೂರಿನಲ್ಲಿ ಅಪ್ಪನ ಮನೆಯಲ್ಲೇ ಇದ್ದು ಸ್ಕೂಲ್ ಟೀಚರು. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಮಾಮನ ಮನೆಗೆ ಬಂದುಬಿಡುತ್ತಿದ್ದೆ. ಒಂದು ಸಲ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಿದ್ದಾಗ ನಾನು ಉಪ್ಪಿಟ್ಟಿನ ತಟ್ಟೆ ಹಿಡಿದು ಪಡಸಾಲೆಗೆ ಬಂದೆ, ಮಾಮ ನನ್ನ ಮಟ್ಟು ಎತ್ತಿದ. ಗಂಡಿನ ತಾಯಿ ಎದ್ದು ನಿಂತು, "ಹುಡುಗಿಗೆ ಸಿಟ್ಟು ಜಾಸ್ತಿ ಏನ್ರಿ?" ಅಂತ ಕೇಳಿದರು. ಆ ಸಂಬಂಧ ಅಲ್ಲಿಗೇ ಮುಗಿಯಿತು. ನಾನು ವಾರಗಟ್ಟಲೆ ಮಾತು ಬಿಟ್ಟೆ. ಮಾಮನಿಗೆ ಒಂದಿಷ್ಟಾದರೂ ಪಶ್ಚಾತ್ತಾಪ ಇರಬೇಡವೆ? "ನಾಳೆ ಗೊತ್ತಾಗೋದು ಇವತ್ತೇ ಗೊತ್ತಾತು, ಒಳ್ಳೇದಾತು ಬಿಡು ಸೊಸಿ," ಅಂದ.

ಕಟ್ಟಿದ ಮಟ್ಟನ್ನು ಆತ ಬದಲಾಯಿಸುತ್ತಲೂ ಇರಲಿಲ್ಲ. ನೀವು ನಗುತ್ತಾ ಬನ್ನಿ, ಅಳುತ್ತಾ ಬನ್ನಿ, ನಿಮ್ಮದು ನಿಮಗೇ. ಕೌತಾಳಂನಲ್ಲಿದ್ದ ನಮ್ಮ ದೊಡ್ಡಜ್ಜಿ ತೀರಿಕೊಂಡ ಸುದ್ದಿ ಹೊತ್ತು ಅಪ್ಪ ಓಡಿ ಬಂದಾಗಲೂ ಪೇಟಿಯ ಮೇಲೆ ಅದೇ ಆನೆ ಹೊರಟಿತು!

"ಲೇ! ನಾನು ಸತ್ತ ಸುದ್ದಿ ತಂದೀನಿ, ನೀ ಮೆರವಣಿಗಿ ಬಾರಸ್ತಿಯಲ್ಲೋ!"

"ಸುದ್ದಿ ಏನಾರ ಇರ್ಲಿ ಭಾವ, ಬಂದೋರು ನೀವೇ ಹೌದಲ್ಲ?"

ಅಡುಗೆಮನೆಯಿಂದ ಅತ್ತೆ, "ಆಲೂರು ಅಣ್ಣನೋರು ಬಂದ್ರೇನು? ಬರ್ರಿ ಬರ್ರಿ, ಈ ಬಿಸಿಲಾಗ ಯಾಕ ಬಂದ್ರಿ?" ಅಂತ ಕೂಗಿದಳು. ಅಪ್ಪ ಅಳಬೇಕೋ ಬೈಯಬೇಕೋ ತಿಳಿಯದೆ ಕಂಬಕ್ಕೆ ಒರಗಿ ಕೂತುಬಿಟ್ಟ. ಬೇರೆ ಯಾರಾದರೂ ಆಗಿದ್ದರೆ ನೆಂಟಸ್ತನ ಕಡಿದುಹೋಗುತ್ತಿತ್ತು. ನಮ್ಮ ಅತ್ತೆಯ ಕೈಯ ಕಾಫಿಯ ಋಣ ದೊಡ್ಡದು, ಉಳಿಯಿತು.

ಈ ಹುಚ್ಚು ಮನೆಯಲ್ಲಿ ಶುರುವಾಗಿ ಮೂರು ವರ್ಷ ಆಗಿತ್ತೇನೋ, ಅಷ್ಟರಲ್ಲೇ ಕಚೇರಿಗೂ ಹತ್ತಿತ್ತು. ಮಾಮ ಒಂದು ಸರಕಾರಿ ಕಚೇರಿಯಲ್ಲಿ ಗುಮಾಸ್ತ. ಆತನ ಕುರ್ಚಿ ಕಿಟಕಿಯ ಪಕ್ಕ. ಸಾಹೇಬರ ಜೀಪು ತಿರುವಿನಲ್ಲಿ ಕಂಡರೆ ಸಾಕು, ಮೇಜಿನ ಮೇಲೆ ಸಾಹೇಬರ ಮಟ್ಟು ಡಂಡಂ ಅನ್ನುತ್ತಿತ್ತು. ನಿದ್ದೆ ಮಾಡುತ್ತಿದ್ದವರು ಏಳುತ್ತಿದ್ದರು, ಚಹಾಕ್ಕೆ ಹೋದವರು ಹಿಂದಿನ ಬಾಗಿಲಿಂದ ಒಳಗೆ ನುಗ್ಗುತ್ತಿದ್ದರು. ಸಾಹೇಬರು ಬಂದು ನೋಡಿದರೆ ಎಲ್ಲರೂ ಫೈಲಿನಲ್ಲಿ ಮುಳುಗಿದ್ದಾರೆ. ಇಡೀ ಜಿಲ್ಲೆಯಲ್ಲಿ ಇಂಥ ಕಚೇರಿ ಇಲ್ಲ ಅಂತ ಅವರು ಹೋದಲ್ಲಿ ಬಂದಲ್ಲಿ ಹೇಳಿಕೊಂಡು ತಿರುಗಿದರು ಪಾಪ! ಒಬ್ಬ ಗುಮಾಸ್ತ ಮಾತ್ರ, "ನನ್ನ ಮಟ್ಟು ಕುಂಟು ಮೇಕಿ ಹೋದಂಗ ಐತ್ರಿ, ನನಗ ಬಡ್ತಿ ಆತು, ಈಗಾರ ಬದಲಾಯಿಸ್ರಿ," ಅಂತ ಅಂಗಲಾಚಿದ. ಮಾಮ ಕನ್ನಡಕದ ಮೇಲಿಂದ ಆತನನ್ನು ನೋಡಿ, "ಬಡ್ತಿ ಆದ್ಮ್ಯಾಲೆ ನೀ ಬ್ಯಾರೇ ಮನುಷಾ ಆದಿ ಏನು?" ಅಂದ. ಆತ ಹೋಗಿ ತನ್ನ ಜಾಗದಲ್ಲಿ ಕೂತ.

ಆದರೆ ಮನೆ, ಕಚೇರಿ ಎಲ್ಲ ಬರೀ ತಾಲೀಮು. ಮಾಮನ ಜೀವ ಇದ್ದದ್ದು ನಾಟಕದ ಪೇಟಿಯ ಮುಂದೆ. ಊರಿನ ಹವ್ಯಾಸಿ ತಂಡಕ್ಕೆ ಇಪ್ಪತ್ತೆರಡು ವರ್ಷದಿಂದ ಆತನೇ ಹಾರ್ಮೋನಿಯಂ. ರಂಗದ ಎಡಗಡೆ, ಪರದೆಯ ಮುಂದೆ ಒಂದು ಚೌಕಿ, ಅದರ ಮೇಲೆ ಜಮಖಾನ, ಅದರ ಮೇಲೆ ಮಾಮ. ಮುಂದಿನ ಸಾಲಿನ ಮೊದಲನೇ ಕುರ್ಚಿಯಲ್ಲಿ ಅತ್ತೆ. ಆಕೆ ಒಂದು ನಾಟಕವನ್ನೂ ಬಿಟ್ಟವಳಲ್ಲ. ಜ್ವರ ಬಂದರೂ ಮೈತುಂಬ ಶಾಲು ಹೊದ್ದು ಬರುತ್ತಿದ್ದಳು. ದಪ್ಪ ಗಾಜಿನ ಚಾಳೀಸು ಹಾಕಿಕೊಂಡು, ಕೈಕಟ್ಟಿ, ಕತ್ತು ಸ್ವಲ್ಪ ಓರೆ ಮಾಡಿ ಕೂತಳು ಅಂದರೆ ಮುಗಿಯಿತು, ಮಂಗಳ ಹಾಡುವವರೆಗೂ ಆಕೆಯನ್ನು ಮಾತಾಡಿಸುವ ಹಾಗಿಲ್ಲ.

ಆ ವರ್ಷ ತಂಡ ಎತ್ತಿಕೊಂಡದ್ದು ಹೊಸ ನಾಟಕ. ಬರೆದವನು ಹಾಲಹರವಿ ಕಡೆಯ ಒಬ್ಬ ಕುರಿಗಾರ, ಕುರಿ ಕಾಯುತ್ತಾ ನೋಟ್‌ಬುಕ್ಕಿನಲ್ಲಿ ಬರೆದದ್ದು. ನಾಯಕನ ಹೆಸರು ಸಿಡಿಲುಗಂಡ. ಆತ ಬರೀಗೈಲಿ ಗುಡ್ಡ ಎತ್ತುತ್ತಾನೆ, ಆಕಾಶದಲ್ಲಿ ಹಾರುತ್ತಾನೆ, ಬೇಕೆಂದಾಗ ಮಳೆ ತರಿಸುತ್ತಾನೆ. ಗುಡ್ಡ ಎತ್ತಿದ್ದಕ್ಕೆ ನಮ್ಮ ಕಡೆ ಅಂಥಾ ಚಪ್ಪಾಳೆ ಬರಲಿಕ್ಕಿಲ್ಲ, ಮಳೆ ತರಿಸಿದ್ದಕ್ಕೆ ಮಾತ್ರ ಜನ ಎದ್ದು ನಿಲ್ಲುತ್ತಾರೆ ಅಂತ ಬರೆದವನ ಲೆಕ್ಕ. ಪಾತ್ರ ಮಾಡುವವನು ಕೌತಾಳಂ ಬಸ್ಸಿನ ಕಂಡಕ್ಟರು, ಎತ್ತರದ ಆಳು, ಗಂಟಲೂ ದೊಡ್ಡದು. ಆತನ ತಾಯಿಯ ಪಾತ್ರಕ್ಕೆ ಹೈಸ್ಕೂಲಿನ ಡ್ರಿಲ್ ಮಾಸ್ತರು, ಮೀಸೆ ಬೋಳಿಸುವ ಕರಾರಿನ ಮೇಲೆ.

ಮಾಮ ಸಿಡಿಲುಗಂಡನಿಗೆ ಹಂಸಧ್ವನಿಯಲ್ಲಿ ಒಂದು ಮಟ್ಟು ಕಟ್ಟಿದ. ಡಂ ಡಡಂ ಡಂ, ಡಂ ಡಡಂ ಡಂ! ಏನು ಮಟ್ಟು ಅಂತೀರಿ! ಕೇಳಿದರೆ ಮುದುಕರೂ ಎದೆ ಉಬ್ಬಿಸಿ ನಡೆಯಬೇಕು. ಒಂದು ವಾರದಲ್ಲಿ ಮಾಮನ ಓಣಿಯವರೆಲ್ಲ ಅದರ ತಾಳಕ್ಕೇ ನೀರು ಸೇದಲು ಶುರು ಮಾಡಿದರು.

ಎಲ್ಲ ಸರಿಯಾಗಿಯೇ ಇತ್ತು, ಬಳ್ಳಾರಿ ಮಾಸ್ತರು ಬರುವವರೆಗೆ. ತಂಡದವರು ಈ ಸಲ ನಾಟಕ ಜೋರಾಗಲಿ ಅಂತ ಬಳ್ಳಾರಿಯಿಂದ ಒಬ್ಬ ನಿರ್ದೇಶಕರನ್ನು ಕರೆಸಿದ್ದರು. ಒಳ್ಳೆಯ ಮನುಷ್ಯ, ಓದಿಕೊಂಡವರು, ಕೊರಳಿಗೆ ಮಫ್ಲರು. ಮೊದಲನೇ ದಿನದ ತಾಲೀಮಿನಲ್ಲೇ ತಾಯಿ ಸಾಯುವ ದೃಶ್ಯ ಬಂತು. ಸಿಡಿಲುಗಂಡ ಏಳು ಗುಡ್ಡದಾಚೆಯ ಔಷಧಿ ಹಿಡಿದು ಆಕಾಶದಿಂದ ಇಳಿಯುತ್ತಾನೆ, ತಾಯಿ ಆತನ ತೊಡೆಯ ಮೇಲೆ ಪ್ರಾಣ ಬಿಡುತ್ತಾಳೆ. ಮಾಮ ಎಂದಿನಂತೆ ಡಂ ಡಡಂ ಡಂ ಬಾರಿಸಿದ.

ಮಾಸ್ತರು ಚಪ್ಪಾಳೆ ತಟ್ಟಿ ನಿಲ್ಲಿಸಿದರು. "ಏನ್ರಿ ಇದು? ಅಲ್ಲಿ ತಾಯಿ ಸಾಯಾಕತ್ತಾಳ, ನೀವು ಗೆದ್ದು ಬಂದಂಗ ಬಾರಸ್ತೀರಲ್ಲ! ಸೀನು ಅಳಬೇಕಾದ್ರ ಪೇಟೀನೂ ಅಳಬೇಕ್ರಿ. ಮುಖಾರಿ ಬಾರಿಸ್ರಿ, ಜನ ಕಣ್ಣೀರು ಹಾಕ್ಲಿ."

"ಸೀನು ಅಳಂಗಿಲ್ರಿ ಮಾಸ್ತರ, ಮನುಷಾ ಅಳ್ತಾನ," ಅಂದ ಮಾಮ. "ಅತ್ತರೂ ಅವ ಸಿಡಿಲುಗಂಡಾನೇ. ಮುಖಾರಿ ಬಾರಿಸಿದ್ರ ಯಾರು ಬಂದ್ರು ಅಂತ ತಿಳೀಬೇಕಲ್ಲ? ದುಃಖ ಬಂತು ಅಂತ ತಿಳೀತೈತಿ, ಯಾರ ದುಃಖ?"

"ಯಾರ ದುಃಖ ಅನ್ನೋದು ಕಣ್ಣಿಗೇ ಕಾಣತೈತಲ್ರಿ!"

ಮಾಮ ಪೇಟಿಯ ತಿದಿಯನ್ನು ಒತ್ತಿ, ಮತ್ತೆ ಡಂ ಡಡಂ ಡಂ ಬಾರಿಸಿದ. ಮಾಸ್ತರು ಮಫ್ಲರು ಬಿಚ್ಚಿ ಕುರ್ಚಿಯ ಮೇಲೆ ಒಗೆದರು.

ಹದಿನೈದು ದಿನ ಇದೇ ನಡೆಯಿತು. ಪಾತ್ರಧಾರಿಗಳು ಎರಡು ಪಕ್ಷ ಆದರು. ಡ್ರಿಲ್ ಮಾಸ್ತರಿಗೆ ಮುಖಾರಿ ಬೇಕು. "ನಾನು ಸಾಯೋದು ಹೆಚ್ಚಿಗಿ ಕಳೆಗಟ್ಟತೈತಿ," ಅಂತ ಅವರ ವಾದ. ಕಂಡಕ್ಟರಿಗೆ ತನ್ನ ಮಟ್ಟೇ ಬೇಕು, ಅದಿಲ್ಲದಿದ್ದರೆ ಎದೆಯೇ ಉಬ್ಬುವುದಿಲ್ಲವಂತೆ. ಇಬ್ಬರ ಜಗಳ ಬಸ್ ಸ್ಟ್ಯಾಂಡಿನವರೆಗೂ ಹೋಗಿ, ಒಂದು ದಿನ ಕೌತಾಳಂ ಬಸ್ಸು ಹತ್ತು ನಿಮಿಷ ತಡವಾಗಿ ಹೊರಟಿತು.

ಆಗಲೇ ಊರಿನ ಟಾಕೀಸಿಗೆ ಒಂದು ಇಂಗ್ಲಿಷ್ ಪಿಚ್ಚರು ಬಂದದ್ದು. ಅದರಲ್ಲೂ ಒಬ್ಬ ಹಾರುವ ಗಂಡಸು, ಗೋಡೆ ಒಡೆದು ಬರುವವನು. ಬಳ್ಳಾರಿ ಮಾಸ್ತರಿಗೆ ಒಂದು ಹಂಚಿಕೆ ಹೊಳೆಯಿತು. "ನಡೀರಿ, ದೊಡ್ಡ ದೊಡ್ಡೋರು ಹೆಂಗ ಬಾರಿಸ್ಯಾರ ನೋಡೇಬಿಡೋಣ. ಅಲ್ಲಿ ಹೆಂಗೈತೋ ಹಂಗೇ ನಮ್ಮಲ್ಲೂ." ಮಾಮ ಒಪ್ಪಿದ. ಮ್ಯಾಟಿನಿಗೆ ಇಬ್ಬರೂ ಹೊರಟರು, ಸಾಕ್ಷಿಗೆ ನಾನು. ಅತ್ತೆಯೂ ಸೀರೆ ಬದಲಿಸಿ ಸಿದ್ಧವಾದಳು. ಆಕೆಗೆ ಇಂಗ್ಲಿಷಿನಲ್ಲಿ ಎರಡು ಅಕ್ಷರ ಬಾರದು!

ಪಿಚ್ಚರು ಶುರುವಾಗಿ ಆ ಗಂಡಸು ಮೊದಲ ಸಲ ಹಾರಿದಾಗ ಕಹಳೆ ಮೊಳಗಿತು. ಎರಡನೇ ಸಲವೂ ಅದೇ ಕಹಳೆ. ಮೂರನೇ ಸಲ ಆತ ಇನ್ನೂ ತೆರೆಯ ಮೇಲೆ ಬಂದಿಲ್ಲ, ಕಹಳೆ ಬಂತು, ಅತ್ತೆ ನನ್ನ ಮೊಣಕೈ ಹಿಡಿದು, "ಬಂದ ನೋಡು!" ಅಂದಳು. ಬಂದೇ ಬಂದ! ಮಾಮ ಕುರ್ಚಿಯಿಂದ ಎದ್ದು ನಿಂತು, "ಕೇಳಿದ್ರಾ ಮಾಸ್ತರ? ಕೇಳಿದ್ರಾ?" ಅಂತ ಕೂಗಿದ. ಹಿಂದಿನವರು, "ಕೂರ್ಚೋಂಡಿ ಪೆದ್ದಾಯನಾ!" ಅಂತ ತೆಲುಗಿನಲ್ಲಿ ಬೈದು ಕೂರಿಸಿದರು.

ಅರ್ಧ ಗಂಟೆ ಆಗಿರಬೇಕು, ಹಾರುವ ಗಂಡಸಿನ ಗುರು ಸತ್ತ. ಪಿಟೀಲುಗಳು ಅಳಲು ಹತ್ತಿದವು. ಈಗ ಮಾಸ್ತರು ಎದ್ದರು. "ಈಗೇನಂತೀರಿ? ಎಲ್ಲೈತಿ ಕಹಳಿ?"

"ತಪ್ಪು ಮಾಡ್ಯಾನ ಬಾರಿಸಿದಾವ!" ಅಂತ ಮಾಮ ಮತ್ತೆ ಎದ್ದ. "ಯಾರು ಅಳಾಕತ್ತಾರ ಅಂತ ಹೇಳ್ಲೇ ಇಲ್ಲಲ್ಲ ಅವ!"

"ಅಷ್ಟು ದೊಡ್ಡ ತೆರಿ ಮ್ಯಾಲೆ ಕಾಣಾಕತ್ತೈತಲ್ರೀ!"

ಟಾಕೀಸಿನವನು ಬ್ಯಾಟರಿ ಹಿಡಿದು ಬಂದು ಇಬ್ಬರನ್ನೂ ಹೊರಗೆ ಕರೆದುಕೊಂಡು ಹೋದ. ನಾನೂ ಅತ್ತೆಯೂ ಪೂರ್ತಿ ನೋಡಿ ಹೊರಗೆ ಬಂದರೆ ಇವರಿಬ್ಬರೂ ಸೋಡಾ ಅಂಗಡಿಯ ಮುಂದೆ ಇನ್ನೂ ವಾದ ಮಾಡುತ್ತಿದ್ದರು. "ಕಡೀಕ ಏನಾತು?" ಅಂತ ಅತ್ತೆಯನ್ನೇ ಕೇಳಿದರು. "ಆ ಅಳೋದು ಶುರು ಆದ್ಮ್ಯಾಲೆ ನನಗೇನೂ ತಿಳೀಲಿಲ್ಲ ಬಿಡ್ರಿ," ಅಂದಳು ಅತ್ತೆ. "ಇಂಗ್ಲಿಷ್ ಅಲ್ರೀ, ಹೆಂಗ ತಿಳೀಬೇಕು?" ಅಂತ ಮಾಸ್ತರು ನಕ್ಕರು. ನಾನೂ ನಕ್ಕೆ. ಮಾಮ ನಗಲಿಲ್ಲ, ಸೋಡಾವನ್ನು ಅರ್ಧಕ್ಕೇ ಇಟ್ಟು ಅತ್ತೆಯ ಕೈ ಹಿಡಿದುಕೊಂಡು ಮನೆಯ ಕಡೆ ಹೊರಟ.

ನಾಟಕಕ್ಕೆ ಎರಡು ದಿನ ಇರುವಾಗ ಮಾಸ್ತರು ಕಡ್ಡಿ ತುಂಡು ಮಾಡಿದಂತೆ ಹೇಳಿದರು. "ತಾಯಿ ಸಾಯೋ ಸೀನಿಗೆ ಮುಖಾರಿ ಬಾರಸ್ತೀರೋ, ಇಲ್ಲಾ ಗುಂತಕಲ್ಲಿಂದ ಬ್ಯಾರೇ ಪೇಟಿಯವರನ್ನ ಕರಸಲೋ?"

ಮಾಮ ಪೇಟಿಯ ಮುಚ್ಚಳ ಹಾಕಿದ, ಜಮಖಾನ ಮಡಿಚಿದ, ಎದ್ದು ಮನೆಗೆ ಬಂದ. ಇಪ್ಪತ್ತೆರಡು ವರ್ಷದ ಜಾಗ! ಅದೊಂದು ಹೋದರೆ ಆ ಮನುಷ್ಯನ ಹತ್ತಿರ ಕಿಟಕಿ ಪಕ್ಕದ ಕುರ್ಚಿಯೊಂದು ಬಿಟ್ಟು ಇನ್ನೇನು ಉಳಿಯಿತು?

"ಒಂದೇ ಸೀನು ಅಲ್ಲೇನ್ರಿ, ಬಾರಿಸಿಬಿಡ್ರಿ ಅತ್ಲಾಗ," ಅಂದಳು ಅತ್ತೆ. "ನಿಮ್ಮ ಜಾಗದಾಗ ಇನ್ನೊಬ್ರು ಕುಂದ್ರೋದು ನಾ ನೋಡಲಾರೆ."

"ನಾಟಕದಾಗ ಆ ಸೀನೇ ಮುಖ್ಯ. ಅದನ್ನೇ ಬಿಟ್ಟು ಉಳಿದಿದ್ದು ಬಾರಿಸಿ ಏನು ಮಾಡ್ಲಿ?" ಅಂದ ಮಾಮ. "ನಾ ಬಾರಿಸಂಗಿಲ್ಲ ಅಂದ್ರ ಬಾರಿಸಂಗಿಲ್ಲ."

"ಹಟಾ, ಬರೇ ಹಟಾ!" ಅಂತ ಮರುದಿನ ಬಂದ ನಾನೂ ಬೈದೆ.

ಭಾನುವಾರ ನಾಟಕ. ಆ ಊರಿನ ಕರೆಂಟನ್ನು ನಂಬಿ ಯಾರಾದರೂ ಕತ್ತಲಾದ ಮೇಲೆ ನಾಟಕ ಇಟ್ಟುಕೊಳ್ಳುತ್ತಾರೆಯೆ? ಮಧ್ಯಾಹ್ನ ಮೂರಕ್ಕೇ ಇಟ್ಟಿದ್ದರು, ಸೀಸನ್ ಮುಗಿದು ಖಾಲಿ ಬಿದ್ದಿದ್ದ ಒಂದು ಹತ್ತಿ ಗೋದಾಮಿನಲ್ಲಿ. ಗೋದಾಮೇ ಯಾಕೆ ಅಂದರೆ ಅಲ್ಲಿ ಹತ್ತಿಯ ಬೇಲು ಎತ್ತುವ ರಾಟೆ ಇತ್ತು. ತಾಯಿ ಸಾಯುವ ದೃಶ್ಯದಲ್ಲಿ ಸಿಡಿಲುಗಂಡ ಆಕಾಶದಿಂದ ಇಳಿಯಬೇಕಲ್ಲ! ಕಂಡಕ್ಟರನ ಸೊಂಟಕ್ಕೆ ಬೇಲಿನ ಹಗ್ಗ ಕಟ್ಟಿ, ನಾಲ್ಕು ಜನ ಹಮಾಲರು ಹಿಂದಿನ ಪರದೆಯ ಆಚೆ ನಿಂತು ಎಳೆಯುವುದು, ಇಳಿಸುವುದು ಅಂತ ನಿಕ್ಕಿಯಾಗಿತ್ತು.

ಹಮಾಲರ ಕೆಲಸ ನೋಡಿದವರಿಗೆ ಗೊತ್ತು, ಅವರು ಸುಮ್ಮನೆ ಭಾರ ಎತ್ತುವುದಿಲ್ಲ. ಒಬ್ಬ "ಹೈಸಾ" ಅನ್ನಬೇಕು, ಉಳಿದವರು ಆ ತಾಳಕ್ಕೆ ಕೈ ಹಾಕಬೇಕು. ಇಳಿಸುವಾಗಲಂತೂ ತಾಳ ಇರಲೇಬೇಕು, ಒಬ್ಬನ ಕೈ ಮೊದಲು ಸಡಿಲಾದರೆ ಬೇಲು ಕೆಳಗಿದ್ದವನ ತಲೆಯ ಮೇಲೆ. ಆದರೆ ಬಳ್ಳಾರಿ ಮಾಸ್ತರು, "ನಾಟಕದಾಗ ಹೈಸಾ ಪೈಸಾ ಅಂತ ಬಾಯಿ ಬಿಟ್ರ ನೋಡ್ರಿ!" ಅಂತ ಅವರಿಗೆ ತಾಕೀತು ಮಾಡಿದ್ದರು. ಹಂಗಾದರೆ ತಾಳ ಯಾವುದು ಅಂತ ಹಮಾಲರು ಹಿಂದೆಯೇ ಮಾಮನನ್ನು ಕೇಳಿದ್ದರು. "ಸಿಡಿಲುಗಂಡನ ಮಟ್ಟು ಬರತೈತಿ, ಅದೇ ತಾಳ, ಅದು ಬರೋತನಕ ಹಗ್ಗ ಬಿಡಬ್ಯಾಡ್ರಿ," ಅಂತ ಮಾಮ ಹೇಳಿ ಕಲಿಸಿದ್ದ. ಆಮೇಲೆ ಮಾಮನನ್ನು ತೆಗೆದರು, ಮಟ್ಟನ್ನೂ ತೆಗೆದರು. ಹಮಾಲರಿಗೆ ಹೇಳುವುದು ಮಾತ್ರ ಎಲ್ಲರಿಗೂ ಮರೆತುಹೋಯಿತು.

ಮಾಮ ನಾಟಕಕ್ಕೆ ಬರುವುದಿಲ್ಲ ಅಂತ ನಾನು ತಿಳಿದಿದ್ದೆ. ಬಂದ! ಇಸ್ತ್ರಿ ಮಾಡಿದ ಅಂಗಿ ಹಾಕಿ, ಮೊದಲನೇ ಸಾಲಿನಲ್ಲಿ ಅತ್ತೆಯ ಎಡಗಡೆಗೆ ಕೂತ. ಆಕೆಯ ಬಲಗಡೆಗೆ ನಾನು. ಎದುರಿಗೆ ಆತನ ಚೌಕಿಯ ಮೇಲೆ ಗುಂತಕಲ್ಲಿನ ಪೇಟಿಯವರು. ನಾಟಕ ಶುರುವಾಯಿತು, ಹೊಸಬರು ಚೆನ್ನಾಗಿಯೇ ಬಾರಿಸಿದರು. ಸಂತೋಷಕ್ಕೆ ಸಂತೋಷದ ರಾಗ, ಸಿಟ್ಟಿಗೆ ಸಿಟ್ಟಿನ ರಾಗ. ಮಾಮ ಅತ್ತೆಯ ಕಿವಿಗೆ ಬಾಗಿ ಒಂದೇ ಸಮನೆ ಗುಸುಗುಸು ಅನ್ನುತ್ತಿದ್ದ. ಆ ಪೇಟಿಯವರನ್ನು ಬೈಯುತ್ತಿದ್ದಾನೆ ಅಂತ ನನಗೆ ನಗು. ಬೈಗುಳ ಕೇಳೋಣ ಅಂತ ನಾನೂ ಸ್ವಲ್ಪ ಬಗ್ಗಿದೆ.

"ಈಗ ರಾಜ ಬಂದ. ಬಲಗಡಿ ಕುಂತ, ಕಿರೀಟ ಸೊಟ್ಟ ಐತಿ. ಮಂತ್ರಿ ನಿಂತಾನ. ಈಗ ಹಿಂದಿಂದ ಒಬ್ಬ ಕಳ್ಳ ಬಂದ, ಮಾತಾಡಂಗಿಲ್ಲ, ಬಗ್ಗಿ ಬಗ್ಗಿ ಬರಾಕತ್ತಾನ. ಕತ್ತಿ ತಗದ..."

ನಾನು ಅತ್ತೆಯ ಕಡೆ ತಿರುಗಿದೆ. ರಾಜ ಬಲಗಡೆ ಕೂತಿದ್ದರೆ ಚಾಳೀಸಿನ ಹಿಂದಿನ ಆಕೆಯ ಕಣ್ಣು ಎಡಗಡೆಯ ಖಾಲಿ ಗೋಡೆಯ ಮೇಲೆ ನೆಟ್ಟಿತ್ತು.

ನಮ್ಮ ಅತ್ತೆಗೆ ಕಣ್ಣು ಕಾಣುತ್ತಿರಲಿಲ್ಲ. ವಾರ ವಾರ ಆ ಮನೆಯ ಅನ್ನ ತಿಂದ ನನಗೆ ಗೊತ್ತಾಗಿರಲಿಲ್ಲ! ಮೂರು ವರ್ಷದಿಂದ ಮೆಲ್ಲಗೆ ಹೋಗುತ್ತಾ ಹೋಗುತ್ತಾ ಆರು ತಿಂಗಳ ಹಿಂದೆ ಪೂರ್ತಿ ಹೋಗಿತ್ತಂತೆ. ಯಾರಿಗೂ ಹೇಳಬ್ಯಾಡ್ರಿ, ಹೇಳಿದರೆ ಒಲೆ ಮುಟ್ಟಗೊಡುವುದಿಲ್ಲ, ಮೂಲೆಯಲ್ಲಿ ಕೂರಿಸಿ ಅಯ್ಯೋ ಪಾಪ ಅಂತಾರೆ, ಅಂತ ಆಕೆಯೇ ಗಂಡನಿಂದ ಮಾತು ತೆಗೆದುಕೊಂಡಿದ್ದಳು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಅಷ್ಟರಲ್ಲಿ ತಾಯಿ ಸಾಯುವ ದೃಶ್ಯ ಬಂತು. ಪರದೆ ಹಾಕಿದ್ದಾಗಲೇ ಕಂಡಕ್ಟರನ್ನು ಮೇಲಕ್ಕೆ ಎಳೆದು ಝಾಲರಿಯ ಹಿಂದೆ ನೇತುಹಾಕಿದ್ದರು. ಪರದೆ ಸರಿಯಿತು. ಡ್ರಿಲ್ ಮಾಸ್ತರು ಮಂಚದ ಮೇಲೆ ನರಳುತ್ತಾ, "ಮಗನೇ, ಬಂದೆಯಾ?" ಅಂದರು. ಪೇಟಿಯಲ್ಲಿ ಮುಖಾರಿ ಕರಗಿ ನೀರಾಗಿ ಹರಿಯಿತು. ಮಗ ಬರಲಿಲ್ಲ. "ಮಗನೇ, ಬಂದೆಯಾ?" ಮತ್ತೂ ಮುಖಾರಿ. ಮಗನಿಲ್ಲ. ಡ್ರಿಲ್ ಮಾಸ್ತರು ಬೇರೆ ದಾರಿ ಕಾಣದೆ ಪ್ರಾಣ ಬಿಟ್ಟರು. ಮಗ ಬರದೆ ಪ್ರಾಣ ಬಿಟ್ಟರೆ ಕಥೆ ಮುಂದೆ ಹೋಗುವುದಿಲ್ಲ ಅಂತ ನೆನಪಾಗಿ ಎದ್ದು, "ಮಗನೇ!" ಅಂದು ಇನ್ನೊಂದು ಸಲ ಸತ್ತರು. "ಆಮೆ ಮಳ್ಳೀ ಚಚ್ಚಿಂದಿರೋ!" ಅಂತ ಹಿಂದಿನಿಂದ ಯಾರೋ ಕೂಗಿದರು. ಮತ್ತೆ ಸತ್ತಳು ಅಂತ ಗೋದಾಮೆಲ್ಲ ಸಿಳ್ಳೆ!

ಮೇಲಿನಿಂದ ಸಿಡಿಲುಗಂಡ ಗರ್ಜಿಸಿದ. "ಏ, ಇಳಿಸ್ರಲೇ! ಸೊಂಟ ಹೋಗಾಕತ್ತೈತಿ! ಕೌತಾಳಂ ರೋಡಿನಾಗ ಎಷ್ಟು ಮಂದೀನ ಇಳಿಸೀನಿ ನಾನು, ನನ್ನನ್ನ ಇಳಿಸೋರು ಒಬ್ರೂ ಇಲ್ಲೇನ್ರಲೇ?"

"ನಿನ್ನ ಮಟ್ಟು ಬರ್ಲಿ ಮೊದ್ಲು!" ಅಂದರು ಹಮಾಲರು.

ಬಳ್ಳಾರಿ ಮಾಸ್ತರು ಪರದೆಯ ಹಿಂದಕ್ಕೆ ಓಡಿದರು. ಅವರ ಕೂಗಾಟ ನಮಗೂ ಕೇಳುತ್ತಿತ್ತು. "ಬಿಡ್ರೋ ಹಗ್ಗಾನ!" "ಹೆಂಗ ಬಿಡೋದ್ರಿ? ಹಗ್ಗದಾಗ ಮನುಷಾ ಅದಾನ. ಈ ಅಳೋ ರಾಗಕ್ಕ ನಾಕು ಮಂದಿ ಕೈ ಕೂಡಂಗಿಲ್ರಿ. ಹೈಸಾ ಅನ್ನಬ್ಯಾಡ ಅಂತ ನೀವೇ ಹೇಳೀರಿ, ಈಗ ನಮ್ಮ ಕೈ ಆ ಮಟ್ಟಿಗೇ ಕಲತಾವ." ಗುಂತಕಲ್ಲಿನವರಿಗೆ ಆ ಮಟ್ಟೇ ಗೊತ್ತಿಲ್ಲ. ಮಾಸ್ತರು ಬೆವರು ಸುರಿಸುತ್ತಾ ರಂಗದಿಂದ ಕೆಳಗಿಳಿದು ನೇರ ನಮ್ಮ ಮುಂದೆ ಬಂದು ನಿಂತರು.

"ನಿಮ್ಮ ಕಾಲಿಗೆ ಬೀಳ್ತೀನ್ರಿ, ಬರ್ರಿ. ಬಂದು ಅವನ ಮಟ್ಟು ಬಾರಿಸ್ರಿ."

"ನನಗ ಇಲ್ಲಿ ಕೆಲಸ ಐತ್ರಿ," ಅಂದ ಮಾಮ. ಅಂದು, ಮತ್ತೆ ಅತ್ತೆಯ ಕಿವಿಗೆ ಬಾಗಿದ. "ತಾಯಿ ಮಂಚದ ಮ್ಯಾಲೆ ಎದ್ದು ಕುಂತಾಳ. ಸತ್ತಾಳಿಲ್ಲ ಇನ್ನೂ. ಮಗ ಮ್ಯಾಲೆ ನೇತಾಡಾಕತ್ತಾನ. ಮಾಸ್ತರು ನಮ್ಮ ಮುಂದ ನಿಂತಾರ."

ಅತ್ತೆ ಕೈಮುಗಿದಳು. ಮಾಸ್ತರು ನಿಂತದ್ದು ಎಡಕ್ಕೆ, ಮಾಮನ ಎದುರಿಗೆ, ಆಕೆ ಕೈಮುಗಿದದ್ದು ನಟ್ಟನಡುವೆ, ಯಾರೂ ಇಲ್ಲದ ಕಡೆಗೆ. ಮಾಸ್ತರು ಆ ಕೈ ನೋಡಿದರು, ಆಕೆಯ ಮುಖ ನೋಡಿದರು, ಮಾಮನನ್ನು ನೋಡಿದರು. ಮಫ್ಲರಿನ ತುದಿ ಹಿಡಿದುಕೊಂಡು ಮೆಲ್ಲಗೆ ಮಾಮನ ಪಕ್ಕ ಕುಕ್ಕರಗಾಲಲ್ಲಿ ಕೂತರು.

"ಒಂದು ಮಾತು ಹೇಳಿದ್ರ ಆಗ್ತಿದ್ದಿಲ್ಲೇನ್ರಿ? ನಾನು ಆವತ್ತೇ ಒಪ್ತಿದ್ದೆ."

"ಹೇಳಿದ್ರ ನೀವು ಕನಿಕರಕ್ಕ ಒಪ್ತಿದ್ರಿ," ಅಂದ ಮಾಮ. "ನಾ ಬಾರಿಸೋದು ಸರಿ ಅಂತ ಒಪ್ಪಬೇಕಾಗಿತ್ತು."

ನೋಡಿ, ಇಂಥ ಹೊತ್ತಿನಲ್ಲೂ ಆ ಮನುಷ್ಯನ ಜಿದ್ದು! ಮಾಸ್ತರು ತಲೆ ಎತ್ತಿ ನೇತಾಡುವ ನಾಯಕನನ್ನು ನೋಡಿದರು. "ಒಪ್ಪಿದೆ ಮಹಾರಾಯ. ಸರಿ ಐತಿ ನೀವು ಬಾರಿಸೋದು. ಆದ್ರ ನೀವು ಎದ್ರ ಈ ತಾಯಿಗೆ ಹೇಳೋರು ಯಾರು?"

ಅತ್ತೆ ಮಾಮನ ಮೊಣಕೈ ತಡವಿ ಹಿಡಿದು ಎಬ್ಬಿಸಿದಳು.

"ಹೋಗ್ರಿ ನೀವು. ಇಲ್ಲಿ ಕುಂತು ಎಷ್ಟು ಹೇಳಿದ್ರೂ ನನಗ ಬರೇ ಕೇಳಸ್ತೈತಿ. ಅಲ್ಲಿ ಕುಂತು ಬಾರಿಸ್ರಿ, ಕಾಣಸ್ತೈತಿ."

ಮಾಮ ಎದ್ದ. ಗುಂತಕಲ್ಲಿನವರು ಚೌಕಿಯ ಮೇಲೆ ಸರಿದು ಜಾಗ ಕೊಟ್ಟರು. ಆತ ಕೂತು, ಕಣ್ಣು ಒರೆಸಿಕೊಂಡು, ತಿದಿ ಎಳೆದು ಶುರು ಮಾಡಿದ. ಡಂ ಡಡಂ ಡಂ! ಪರದೆಯ ಹಿಂದೆ ನಾಲ್ಕು ಜೊತೆ ಕೈ ಒಂದೇ ತಾಳಕ್ಕೆ ಸಡಿಲಾದವು. ಸಿಡಿಲುಗಂಡ ಎದೆ ಉಬ್ಬಿಸಿಕೊಂಡು ಆಕಾಶದಿಂದ ಇಳಿದು ಬಂದು, ತಾಯಿಯನ್ನು ನೋಡಿದ್ದೇ ದೊಪ್ಪನೆ ಕಾಲ ಬಳಿ ಬಿದ್ದ. ಮಾಮ ಮಟ್ಟು ಬಿಡಲಿಲ್ಲ. ಗುಡ್ಡ ಎತ್ತಿದವನ ಮಟ್ಟು ಮೊಳಗುತ್ತಲೇ ಇತ್ತು, ಗುಡ್ಡ ಎತ್ತಿದವನು ತಾಯಿಯನ್ನು ಎತ್ತಲಾರದೆ ಅಳುತ್ತಲೇ ಇದ್ದ. ಆಗ ತಾನೇ ಸಿಳ್ಳೆ ಹೊಡೆದಿದ್ದ ಆ ಜನ ಇದ್ದಕ್ಕಿದ್ದಂತೆ ಸುಮ್ಮನಾದರು. ಹೆಂಗಸರ ಸೆರಗುಗಳು ಕಣ್ಣಿಗೆ ಹೋದವು. ಮಾಮನ ಖಾಲಿ ಕುರ್ಚಿಯ ಪಕ್ಕ ಬಳ್ಳಾರಿ ಮಾಸ್ತರು ಬಿಕ್ಕುತ್ತಿದ್ದರು.

ಅತ್ತೆ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಿದ್ದಳು.

"ಬಂದ ನೋಡು," ಅಂದಳು. "ಅಷ್ಟು ದೊಡ್ಡ ಆಳು, ತಾಯಿ ಮುಂದ ಹೆಂಗ ಕುಂತಾನ ನೋಡಿದಿ? ಪಾಪ, ಅವನ ಮಾರಿ ನೋಡಿದಿ?"

"ಹೂಂ ಅತ್ತಿ, ನೋಡಿದೆ," ಅಂದೆ.

ಸುಳ್ಳು. ನಾನು ರಂಗದ ಕಡೆ ನೋಡಿರಲೇ ಇಲ್ಲ, ಆಕೆಯ ಮುಖವನ್ನೇ ನೋಡುತ್ತಾ ಕೂತಿದ್ದೆ.